ಲೆಯೋಕಾದಿಯಾ ಒರೆಸುವ ಗೋಡೆ

ಬಫಲೋ ಊರಿನ ಪೂರ್ವದ ಬೀದಿ,
ಇಗರ್ಜಿಯ ಹಿಂದಿನ ಪೋಲಿಷ್ ಸಭಾಭವನ.
ಶನಿವಾರ ಬೆಳಿಗ್ಗೆ ಏಳಕ್ಕೆ
ಬಾಗಿಲ ಮುಂದಿನ ಹಿಮ ಕೆರೆದು
ಒಳಗೆ ಬರುತ್ತಾಳೆ ಲೆಯೋಕಾದಿಯಾ,
ಕೈಯಲ್ಲಿ ವಿನೆಗರ್ ಸೀಸೆ, ಹಳೇ ಪತ್ರಿಕೆ.

ಗೋಡೆಯ ತುಂಬ ‘ನಮ್ಮವರು’.
ಮೂವತ್ತೊಂದು ಚೌಕಟ್ಟು, ಮೂವತ್ತೆರಡು ಮೊಳೆ.

ಮೊದಲು ಬಾಕ್ಸಿಂಗ್ ವೀರ.
ಒಡೆದ ದವಡೆಯಲ್ಲೇ ಒಂಬತ್ತು ಸುತ್ತು ನಿಂತು ಗೆದ್ದವನು.
ಕೆಳಗೆ ಹಿತ್ತಾಳೆಯ ತಗಡು: ಎಡಿ ಗ್ರೇ.
ಜ್ಞಾನಸ್ನಾನದ ಪುಸ್ತಕದಲ್ಲಿ ಮಾತ್ರ ಇನ್ನೂ
ಎದ್ಮುಂದ್ ಗ್ಜೆಗೋರ್ಚಿಕ್.
ಭಿತ್ತಿಪತ್ರ ಅಚ್ಚು ಹಾಕುವವನು
ಅಕ್ಷರಕ್ಕಿಷ್ಟು ಎಂದು ಕಾಸು ಕೇಳುತ್ತಿದ್ದನಂತೆ,
ಮ್ಯಾನೇಜರು ಕತ್ತರಿ ಆಡಿಸಿದ.
ಗಾಜಿಗೆ ಉಸಿರೂದಿ ಗೊಣಗುತ್ತಾಳೆ ಅವಳು:
“ನಮ್ಮಪ್ಪನ ಬೇಕರಿಗೆ ಮೂರು ಡಾಲರ್ ಬಾಕಿ, ಮಹಾರಾಯ,
ಇಷ್ಟು ಗೆದ್ದು ಅದನ್ನು ಮರೆತೆಯಲ್ಲ.”

ಪಕ್ಕದಲ್ಲಿ ಮೂಕಿ ಚಿತ್ರಗಳ ನಟಿ, ಸ್ಟೆಲಾ ರೇ.
ರೈಚ್ಕೋವ್ಸ್ಕಾ ಎಂಬುದರಲ್ಲಿ ತಲೆಯಷ್ಟೇ ಉಳಿದದ್ದು.
ಸಿನಿಮಾಕ್ಕೆ ಮಾತು ಬಂದ ವರ್ಷ ಸಿನಿಮಾ ಬಿಟ್ಟಳು;
ಬಾಯಿ ತೆರೆದರೆ ಅಜ್ಜಿಯ ಊರು ಹೊರಬೀಳುತ್ತಿತ್ತು.
ತಿರುಗಿ ಬರಲಿಲ್ಲ.
ಇಗರ್ಜಿಯ ಗಂಟೆಗೆಂದು ಒಂದು ಚೆಕ್ಕು ಕಳಿಸಿದಳು.
ಆ ಗಂಟೆ ಈಗಲೂ ಬಾರಿಸುತ್ತದೆ,
ದನಿ ಸ್ವಲ್ಪ ಗೊಗ್ಗರು.

ಆಮೇಲೆ ಧೂಮಕೇತು ಕಂಡ ತೆಯೋದೋರ್ ವ್ಶೆಂದಿಬಿಲ್.
ಹಗಲು ಸಾಬೂನು ಕಾರ್ಖಾನೆ,
ರಾತ್ರಿ ಮಾಳಿಗೆಯ ಮೇಲೆ, ತಾನೇ ಉಜ್ಜಿ ಉಜ್ಜಿ ಮಾಡಿದ ಮಸೂರದ ಹಿಂದೆ
ಒಂದು ಕಣ್ಣು.
ಇವನೊಬ್ಬ ಒಂದಕ್ಷರ ಬಿಟ್ಟುಕೊಡಲಿಲ್ಲ.
ಕನ್ನಡದಲ್ಲಿ ಬರೆಯಹೊರಟಾಗ ತಿಳಿಯುತ್ತದೆ
ಇಂಥ ಹೆಸರುಗಳ ಭಾರ:
ಒತ್ತಕ್ಷರಗಳು ಒಂದರ ಕಾಲಡಿ ಒಂದು,
ಹಡಗಿನ ಕೆಳಗಟ್ಟದಲ್ಲಿ ಮಲಗಿ ಬಂದವರ ಹಾಗೆ.
ಆಕಾಶದ ಲೆಕ್ಕ ಬರೆಯುವವರು
ಎರಡು ಸಲ ತಪ್ಪು ಬರೆದು ಎರಡು ಸಲ ಕ್ಷಮೆ ಕೇಳಿದರು.
ಎಲ್ಲೋ ಮೇಲೆ ಈಗಲೂ ದೂರ ಹೋಗುತ್ತಲೇ ಇದೆ ಆ ಹೆಸರು,
ಬಾಲ ಮೊಟಕಾಗದೆ.

ಬಿಷಪ್ಪರು, ಸೆನೆಟರು, ಒಂದೂ ಗುರಿ ತಪ್ಪದೆ
ಬೌಲಿಂಗಿನಲ್ಲಿ ಮುನ್ನೂರು ಹೊಡೆದ ದರ್ಜಿ,
ಇವರಿಗೆಲ್ಲ ಒಂದೇ ಹಾಳೆ, ಒಂದೇ ಉಸಿರು.

ಮೂವತ್ತೆರಡನೆಯ ಮೊಳೆಯಲ್ಲಿ
ಅವಳ ಕೋಟು ತೂಗುತ್ತದೆ.

ಅದನ್ನು ಹೊಡೆಸಿದ್ದು ಅವಳಣ್ಣ ಬೊನಿಫಾತ್ಸಿಗಾಗಿ.
ಸರೋವರದ ದಂಡೆಯ ಧಾನ್ಯದ ಕಣಜದಲ್ಲಿ
ಓಡುವ ಬೆಲ್ಟಿಗೆ ಒಂದು ಕೊಂಡಿ ಮಾಡಿದ್ದ:
ತೋಳಿನ ಬಟ್ಟೆ ಸಿಕ್ಕಿಕೊಂಡರೆ ಸಾಕು, ಚಕ್ರ ನಿಲ್ಲುತ್ತಿತ್ತು.
ಅದಕ್ಕೆ ಮುಂಚೆ ವರ್ಷಕ್ಕೆ ಹತ್ತೋ ಹನ್ನೊಂದೋ ಬೆರಳು,
ಒಮ್ಮೊಮ್ಮೆ ಇಡೀ ಕೈ.
ಪೇಟೆಂಟು ಕಂಪನಿಯ ಹೆಸರಿಗಾಯಿತು.
ಸಮಿತಿ ದಾಖಲೆ ಕೇಳಿತು,
ದಾಖಲೆ ಇರಲಿಲ್ಲ. ಮೊಳೆ ಉಳಿಯಿತು.

“ಆಗದೇ ಹೋದದ್ದರ ಫೋಟೋ ಹೇಗೆ ತೆಗೆಯುತ್ತಾರೆ?”
ಎಂದು ಕೇಳಿದ್ದಳು ಒಮ್ಮೆ.
ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು.

ಇವತ್ತು ಒಬ್ಬ ಹುಡುಗ, ನಾರ್ಬೆರ್ತ್,
ಗ್ರಂಥಾಲಯದ ಅರ್ಜಿ ಹಿಡಿದು ಬೆಂಚಿನ ಮೇಲೆ ಕೂತಿದ್ದಾನೆ.
ಶ್ಚೆರ್ಬಿನ್ಸ್ಕಿ: ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರ.
ಅರ್ಜಿಯಲ್ಲಿ ಹತ್ತೇ ಚೌಕ.
“ಕೊನೆಯ ಎರಡು ಬಿಡಲಾ?”
ಅವಳು ಗೋಡೆ ನೋಡಿದಳು, ಎಡಿಯನ್ನು, ಸ್ಟೆಲಾಳನ್ನು.
“ಅಂಚಿನಲ್ಲಿ ಬರಿ.
ಓದುವವರು ಕಾಗದ ತಿರುಗಿಸಿ ಓದಿಕೊಳ್ಳಲಿ.”

ನೆಲಮಾಳಿಗೆಯಿಂದ ಈರುಳ್ಳಿ ಹುರಿದ ವಾಸನೆ.
ಕಣಜದಿಂದ ನಿವೃತ್ತರಾದ ಮುದುಕರು
ನಾಳೆಯ ಊಟಕ್ಕೆ ಪಿಯೆರೋಗಿ ಮಾಡುತ್ತಿದ್ದಾರೆ,
ಕಡುಬಿನ ಹಾಗೆ ಮಡಿಸಿ, ಅಂಚು ಒತ್ತಿ ಒತ್ತಿ.
ಕೋಟು ತೊಟ್ಟು ಇಳಿದು ಬಂದವಳು
ಬಾಗಿಲಲ್ಲೇ ನಿಂತು, ಅಭ್ಯಾಸಬಲದಿಂದ,
ಅವರ ಕೈಗಳನ್ನು ನೋಡುತ್ತಾಳೆ.
ಹಿಟ್ಟು ಮೆತ್ತಿದ ಬೆರಳು.
ಎಣಿಸುತ್ತಾಳೆ.