ಹಲ್ಲಿನ ಬಾಯಿ

ನನ್ನ ಹೆಸರು ಐರಿನ್ ಅಂತ ಗೊತ್ತಿರುವುದು
ಇಗರ್ಜಿಯ ರಿಜಿಸ್ಟರಿಗೆ ಮಾತ್ರ.
ಸಂತೆಕಟ್ಟೆಯ ಉಳಿದವರಿಗೆಲ್ಲ ಹಲ್ಲಿನ ಬಾಯಿ.
ಎಂಟೂಕಾಲರ ಬಸ್ಸು, ಉಡುಪಿ, ಎರಡನೇ ಮಾಳಿಗೆ;
ಮೇಣದ ದವಡೆಯಲ್ಲಿ ಸಾಲಾಗಿ ಹಲ್ಲು ಕೂರಿಸುತ್ತೇನೆ
ಇಪ್ಪತ್ತಾರು ವರ್ಷದಿಂದ.
ಬಾಯಿ ಕಂಡಿದ್ದೇನೆ, ಮುಖ ಕಂಡದ್ದು ಕಡಿಮೆ.
ಡಾಕ್ಟರು ಕಳಿಸುವುದು ಒಂದು ಅಚ್ಚು, ಒಂದು ಚೀಟಿ:
ಮೇಲಿನ ಸೆಟ್ಟು, ಶನಿವಾರಕ್ಕೆ ಬೇಕು.

ಮರಕ್ಕೆ ಕೈ ಹಾಕಿದ್ದು ಬೇಸರಕ್ಕೆ.
ಕರೆಂಟು ಹೋದ ಸಂಜೆ, ಒಡೆದ ಮಣೆಯ ತುಂಡು,
ಲ್ಯಾಬಿನಿಂದ ತಂದ ಮೇಣದ ಚೂರಿ.
ಸಟ್ಟುಗ ಮಾಡಹೊರಟೆ. ಹಿಡಿ ಬಂತು, ಗುಂಡಿ ಬಂತು,
ಎರಡೂ ಸೇರುವಲ್ಲಿ ಟಪ್ಪೆಂದು ಸೀಳಿತು.
ಮೇಣ ಹೇಳಿದ ಹಾಗೆ ಕೇಳುತ್ತದೆ, ತಪ್ಪಿದರೆ ಕರಗಿಸಬಹುದು.
ಇದು ಎದುರುತ್ತರ ಕೊಟ್ಟಿತು.
ಅವತ್ತು ರಾತ್ರಿ ನಿದ್ದೆ ಬರಲಿಲ್ಲ,
ಸಿಟ್ಟಿಗಲ್ಲ.

ಮಿಂಚುಳ್ಳಿ ಕೆತ್ತಿದೆ.
ಪಕ್ಕದ ಮನೆಯ ಹುಡುಗ "ಬಂಗುಡೆ" ಎಂದ.
ಕೊಕ್ಕು ಕಡಿದು ಬಂಗುಡೆಯನ್ನೇ ಮಾಡಿದೆ.
"ಚಪ್ಪಲಿ" ಎಂದ.

ಆಮೇಲೆ ಏಳು ವರ್ಷ. ಬೆರಳಿಗೆ ಹನ್ನೊಂದು ಹೊಲಿಗೆ.
ಮುಗಿದ ಕೈಗಳ ಜೋಡಿಯೊಂದನ್ನು
ಉಜ್ಜಿ ಉಜ್ಜಿ ಕನ್ನಡಿ ಮಾಡಿದೆ.
ಪಾದ್ರಿಗಳು ಗಾಜಿನ ಕಪಾಟಿನಲ್ಲಿಟ್ಟರು.
ಪೂಸೆ ಮುಗಿಸಿ ಬಂದವರೆಲ್ಲ ಹೇಳಿದರು:
"ಎಷ್ಟು ನೈಸು ಮಾರಾಯ್ತಿ, ಪ್ಲಾಸ್ಟಿಕ್ಕಿನ ಹಾಗೇ ಉಂಟು!"

ದೂಮಣ್ಣ ಆಚಾರಿ ಹೊಳೆಬದಿಯಲ್ಲಿ ದೋಣಿ ರಿಪೇರಿ ಮಾಡುವವರು,
ನನಗೆ ತುಂಡು ಮರ ಕಿಲೋ ಲೆಕ್ಕದಲ್ಲಿ ಕೊಡುವವರು.
ಆ ಕೈಗಳನ್ನು ತಿರುಗಿಸಿ ನೋಡಿದರು, ಮೂಸಿದರು.
"ಚಂದ ಉಂಟು ಬಾಯಮ್ಮ.
ಮರ ಎಲ್ಲಿ?"

ಅವರಿಗೆ ಗೊಂಬೆ ಕೆತ್ತಲು ಬರುವುದಿಲ್ಲ.
ಆದರೆ ಹಲಗೆಗೆ ಉಳಿ ಇಡುವ ಮೊದಲು
ಅದನ್ನೊಮ್ಮೆ ಕೆನ್ನೆಗೆ ತಾಗಿಸುತ್ತಾರೆ,
ಜ್ವರ ಬಂದ ಮಗುವಿಗೆ ಮಾಡುವ ಹಾಗೆ.
ಒಂದು ವರ್ಷ ನಾನೇನೂ ಕೆತ್ತಲಿಲ್ಲ.
ಉಳಿ ಮಸೆದೆ. ಎಳೆ ಓದಿದೆ.

ಮೀನಿನ ಅಪ್ಪಿಯಕ್ಕ ಲ್ಯಾಬಿಗೇ ಹತ್ತಿ ಬಂದದ್ದು ಆಗ,
ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಲ್ಲಿನ ಸೆಟ್ಟು ಕಟ್ಟಿಕೊಂಡು.
"ಚುಚ್ಚುತ್ತದೆ ಬಾಯಿ, ಏಡಿ ಕಚ್ಚಿದ ಹಾಗೆ."
ಮೇಜಿನ ಮೇಲಿಟ್ಟಳು.
"ನೋಡು, ನನಗಿಂತ ಮೊದಲು ಅದೇ ನಗ್ತಾ ಉಂಟು!"
ಎಂದು ತಾನೂ ನಕ್ಕಳು.
ತುಟಿ ಒಳಕ್ಕೆ ಸರಿದು, ಗಲ್ಲ ಮೂಗಿನತ್ತ ಎದ್ದು
ಇಡೀ ಮುಖ ಆ ಖಾಲಿಯ ಸುತ್ತ ಬಂದು ಕೂತಿತು.
ಅದನ್ನು ತುಂಬಿಸಿಯೇ ಇಷ್ಟು ಕಾಲ ಸಂಬಳ ತಿಂದವಳು,
ಒಮ್ಮೆಯೂ ಕಂಡಿರಲಿಲ್ಲ.

ಹೆಬ್ಬಲಸಿನ ತುಂಡು, ನಡುವೆ ಕರಿ ಗಂಟು.
ಹಿಂದಾದರೆ ಒಲೆಗೆ ಹಾಕುತ್ತಿದ್ದೆ.
ಗಂಟಿನ ಸುತ್ತ ಎಳೆ ಮೊದಲೇ ಮಡಚಿತ್ತು, ತುಟಿಯಂತೆ;
ನಾನು ಮಾಡಿದ್ದು ಅಡ್ಡ ಬಾರದ ಕೆಲಸವಷ್ಟೇ,
ಅದಕ್ಕೆ ಒಂಬತ್ತು ತಿಂಗಳ ಭಾನುವಾರಗಳು ಬೇಕಾದವು.
ಪಾಲಿಶ್ ಕಾಗದ ಡ್ರಾಯರಿನಲ್ಲೇ ಉಳಿಯಿತು.
ಕೆನ್ನೆಯ ಮೇಲೆ ಉಳಿಯ ಗುರುತು ಹಾಗೇ ಬಿಟ್ಟೆ.
ದೂಮಣ್ಣ ಏನೂ ಹೇಳಲಿಲ್ಲ. ಮೂಸಲೂ ಇಲ್ಲ.
ಕೆನ್ನೆಗೆ ತಾಗಿಸಿ, ಹಿಂದೆ ಕೊಟ್ಟರು.

ಜಗಲಿಯಲ್ಲಿ ಬುಟ್ಟಿ ಇಳಿಸಿದ ಅಪ್ಪಿಯಕ್ಕ
ಬಹಳ ಹೊತ್ತು ನೋಡಿದಳು.
"ಇದು ನಾನಲ್ಲ. ನನ್ನ ಅಮ್ಮ.
ನೀನು ಅವಳನ್ನು ಎಲ್ಲಿ ಕಂಡದ್ದು?"
ಉತ್ತರಕ್ಕೆ ಕಾಯದೆ
ಬೂತಾಯಿಯ ಪಕ್ಕ ಮಲಗಿಸಿ, ಎಲೆ ಮುಚ್ಚಿ,
ಬುಟ್ಟಿ ತಲೆಗೇರಿಸಿ ನಡೆದೇಬಿಟ್ಟಳು.
ಕೊಡುತ್ತೇನೆಂದು ನಾನು ಹೇಳಿರಲಿಲ್ಲ.

ಮೆಟ್ಟಿಲ ಮೇಲೆ ಆರು ಬಂಗುಡೆ.
ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ:
ಬೆನ್ನುದ್ದಕ್ಕೂ ಬಳುಕಿದ ಹಸಿರು ಗೆರೆ,
ಎಲ್ಲಿ ತಿರುಗಬೇಕೋ ಅಲ್ಲಿ ತಿರುಗಿದ ಎಳೆ.
ಅಯ್ಯೋ, ಇದನ್ನು ಚಪ್ಪಲಿ ಮಾಡಿದ್ದೆನಲ್ಲ.

ಸಾರಿಗೆ ಐದು ಸಾಕು.