ಏಳೇಳು ಕಳೆಯುತ್ತ

ನಲವತ್ತೊಂದು ವರ್ಷ ಐಲಿ ರೌಟಿಯೊ
ಈ ಕೋರ್ಟಿನ ಮೆಟ್ಟಿಲು ಹತ್ತಿದಳು.
ಹದಿಮೂರೇ ಮೆಟ್ಟಿಲು. ಹತ್ತುವುದಲ್ಲ ಕಷ್ಟ,
ಸುಪೀರಿಯರ್ ಸರೋವರದ ಗಾಳಿಗೆ ಬೆನ್ನು ಕೊಟ್ಟು
ಬೂಟಿನ ಹಿಮ ಕೊಡವುವುದು.
ಕೊಡವದೆ ಬಂದವರ ಅರ್ಜಿ
ನನ್ನ ಕೌಂಟರಿನಲ್ಲಿ ಒಂದು ತಾಸು ಒಣಗುತ್ತಿತ್ತು.

ಕೆಳಗೆ ಮೊಳೆ, ಬಣ್ಣ, ಹಿಮದ ಸಲಿಕೆ ಮಾರುವ ಅಂಗಡಿ,
ಮೇಲೆ ಅವಳ ಆಫೀಸು.
ಗಂಡನ ಮೇಲೆ ಸಿಟ್ಟಾಗಿ ಹೊಸ ಬೀಗ ಕೊಂಡವಳು
ಹಾಗೇ ಏಣಿ ಹತ್ತುತ್ತಿದ್ದಳು.
ಐಲಿ ಕಾಫಿ ಬಗ್ಗಿಸುತ್ತ,
"ರಸೀದಿ ಇಟ್ಟುಕೊ. ಇವತ್ತು ಸಹಿ ಬೇಡ.
ಗುರುವಾರ ಬಾ."
ಗುರುವಾರ ಅರ್ಧ ಜನ ಬರುತ್ತಿರಲಿಲ್ಲ.
ಅವೇ ನಾನು ಗೆದ್ದ ಕೇಸು ಎನ್ನುವಳು.
ಆಮೇಲೆ ಲೋಟ ತೊಳೆಯುತ್ತ, "ಎಲ್ಲವೂ ಅಲ್ಲ."

ತೋಟಾ ಪೆಟ್ಟಿಗೆಯ ರಟ್ಟಿನ ಮೇಲೆ ಗೀಚಿದ ಉಯಿಲು
ತಂದರು ಒಮ್ಮೆ ಕಾಂಗಸ್ ಅಣ್ಣತಮ್ಮಂದಿರು:
ಬೇಟೆಯ ಗುಡಿಸಲು ಹಿರಿಯನಿಗೆ,
ಸೌನಾದ ಒಲೆ ಕಿರಿಯನಿಗೆ.
ಒಲೆ ಇರುವುದು ಗುಡಿಸಲೊಳಗೆ,
ಕಿತ್ತರೆ ಗೋಡೆ ಬೀಳುತ್ತದೆ.
ಏಳು ತಿಂಗಳು ಬಡಿದಾಡಿದ ಮೇಲೆ ಐಲಿ ಕೇಳಿದಳು,
"ನಿಮ್ಮಪ್ಪನಿಗೆ ಇದು ಗೊತ್ತಿರಲಿಲ್ಲ ಅಂದುಕೊಂಡಿರಾ?"
ಇಬ್ಬರೂ ಟೋಪಿ ತಿರುಗಿಸುತ್ತ ಕೂತರು.
ಒಬ್ಬ ನಕ್ಕ.
ಇನ್ನೊಬ್ಬ ಮೇಲ್ಮನವಿ ಹಾಕಿದ.

ಯಾರ ಹತ್ತಿರ ಇರ್ತೀಯ ಎಂದರೆ
ನಾಯಿ ಹತ್ತಿರ ಎಂದ ಒಂಬತ್ತರ ಹುಡುಗ.
ಅವಳ ವರದಿ ನನ್ನ ಕಪಾಟಿನಲ್ಲಿದೆ, ಒಂದೂವರೆ ಸಾಲು:
ನಾಯಿ ಅಜ್ಜಿಯ ಮನೆಯಲ್ಲಿದೆ.
ನಾಯಿಯನ್ನು ನಾನೂ ಕಂಡು ಬಂದೆ.

ಇನ್ನು ಹಿಲ್ಯಾಳ ಮಾತು.

ಐಲಿಯ ಮೊದಲ ಚಳಿಗಾಲ ಅದು.
ಕಕ್ಷಿದಾರ, ಮುದುಕಿಯ ಅಣ್ಣನ ಮಗ:
ಅತ್ತೆಗೆ ಬುದ್ಧಿ ನೆಟ್ಟಗಿಲ್ಲ, ಒಲೆ ಆರಿಸಲು ಮರೆಯುತ್ತಾಳೆ,
ನಲವತ್ತು ಎಕರೆ ಕಾಡು, ಅತ್ತೆ, ಎರಡನ್ನೂ
ನಾನೇ ನೋಡಿಕೊಳ್ಳುತ್ತೇನೆ.
ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು:
ನೂರರಿಂದ ಏಳೇಳು ಕಳೆಯುತ್ತ ಬನ್ನಿ.
ಹಿಲ್ಯಾ ಮಡಿಲಲ್ಲಿ ಕೈಯಿಟ್ಟು
ಕಿಟಕಿಯತ್ತ ನೋಡುತ್ತ
ಫಿನ್ನಿಷಿನಲ್ಲಿ ಗೊಣಗಿದಳು.
ಡಾಕ್ಟರು ಬರೆದುಕೊಂಡರು: ಅಸಂಬದ್ಧ.

ತೊಂಬತ್ತಮೂರು, ಎಂಬತ್ತಾರು,
ಎಪ್ಪತ್ತೊಂಬತ್ತು, ಎಪ್ಪತ್ತೆರಡು,
ಒಂದೂ ತಪ್ಪದೆ, ಹಾಲು ಕರೆಯುವ ಲಯದಲ್ಲಿ,
ಅರವತ್ತೈದು...

ಆ ಕೋಣೆಯಲ್ಲಿ ಆ ಭಾಷೆ ಬಲ್ಲವರು ಇನ್ನಿಬ್ಬರಿದ್ದರು.
ಒಬ್ಬಳು ಎದುರು ಪಕ್ಷದ ವಕೀಲೆ,
ಕಕ್ಷಿದಾರನ ಹಿತವೇ ಅವಳ ಧರ್ಮ.
ಇನ್ನೊಬ್ಬ ಮೂಲೆಯ ಮೇಜಿನಲ್ಲಿ
ಮೊಹರಿಗೆ ಶಾಯಿ ತುಂಬುತ್ತಿದ್ದ.
ಗುಮಾಸ್ತನಿಗೆ ನಡುವೆ ಬಾಯಿ ಹಾಕುವ ಹಕ್ಕಿಲ್ಲ,
ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ,
ಹಲ್ಲುಜ್ಜುವಾಗ.

ಇಪ್ಪತ್ತಮೂರಕ್ಕೆ ಬಂದಾಗ ಸಾಕೆಂದರು.
ಕಾಡು ಆ ಬೇಸಿಗೆಯಲ್ಲೇ
ಲಾರಿ ಹತ್ತಿ ಹೋಯಿತು.

ಆಮೇಲೆ ಐಲಿ, ಯಾರ ಪರ ನಿಂತರೂ,
ಡಾಕ್ಟರರನ್ನು ಕೇಳದೆ ಬಿಟ್ಟವಳಲ್ಲ:
ಯಾವ ಭಾಷೆಯಲ್ಲಿ ಕೇಳಿದಿರಿ?
ಅದರಿಂದ ಹಳೆಯದು ತೀರಿತೇ, ನಾನು ಹೇಳಲಾರೆ.
ಉಯಿಲಿನಲ್ಲಿ ಬರೆಯಬಹುದಾದ್ದು ಆಸ್ತಿ ಮಾತ್ರ,
ಸಾಲವನ್ನು ಯಾರ ಹೆಸರಿಗೂ ಬರೆಯಲು ಬರುವುದಿಲ್ಲ.

ಕಳೆದ ಶುಕ್ರವಾರ ಕೊನೆಯ ಫೈಲು ತಂದಳು.
ಬೂಟು ಕೊಡವಿದಳು. ಮೊಹರು ಒತ್ತಿದೆ.
ಹೋಗಲಿಲ್ಲ.
ಕೌಂಟರಿಗೆ ಮೊಣಕೈ ಊರಿ
ನಮ್ಮ ಅಜ್ಜಿಯರ ಭಾಷೆಯಲ್ಲಿ
"ಹದಿನಾರು" ಎಂದಳು.

ಇಷ್ಟು ವರ್ಷದಲ್ಲಿ ಮೊದಲ ಸಲ.
ಶಾಯಿಯ ಡಬ್ಬಿ ಮುಚ್ಚಿದೆ. ಮತ್ತೆ ತೆರೆದೆ.
"ಒಂಬತ್ತು" ಎಂದೆ.

ಎರಡು ಉಳಿಯಿತು.
ಅದರಿಂದ ಏಳು ಹೋಗುವುದಿಲ್ಲ.