ಇಲ್ಲದ ಬ್ರೇಕು

ನನ್ನ ಸೀಟು ಎಡಗಡೀದು.
ಕಪನೂರಿನ ಶೋರೂಮಿನ್ಯಾಗ ಆರು ವರ್ಷಾತು,
ಗಾಡಿ ಯಾರ್ಯಾರೋ ಓಡಸ್ತಾರ, ನಾ ಬಾಜೂಕ ಕೂಡ್ತೀನಿ.
ನನ್ನ ಬಲಗಾಲಿನ ಕೆಳಗ ಮ್ಯಾಟು ಸವದದ
ಅಲ್ಲಿ ಇಲ್ಲದ ಬ್ರೇಕು ತುಳಿದು ತುಳಿದು.

ಬೆಂಕಿಬಣ್ಣದ ಗಾಡಿ. ಮುನ್ನೂರು ಕುದುರಿ ಒಳಗ ಕಟ್ಟ್ಯಾರ,
ಒಂದೂ ಕೆನಿಯಂಗಿಲ್ಲ, ಸುಮ್ಕ ನಿಂತಿರ್ತಾವ.
"ಸೊನ್ನಿಯಿಂದ ನೂರಕ್ಕ ಆರೇ ಸೆಕೆಂಡ್ರಿ" ಅಂತ
ದಿನಾ ಹೇಳಿ ಹೇಳಿ ನನಗ ಬಾಯಿಪಾಠ.
ಸಂಜಿಕಿ ನಾ ಮನಿಗಿ ಹೋಗೂದು ಹಳೀ ಎಕ್ಸೆಲ್ ಮ್ಯಾಲ;
ಅದಕ್ಕ ಸೊನ್ನಿ ಗೊತ್ತದ, ನೂರು ಗೊತ್ತಿಲ್ಲ.

ಬರೋರು ಬರ್ತಾರ.
ದಾಲ್‌ಮಿಲ್ಲಿನ ಸಾವ್ಕಾರನ ಮಗ ಒಂದು ಕೈಲೆ ಸ್ಟೇರಿಂಗ್ ಹಿಡಿದು
ಇನ್ನೊಂದು ಕೈಲೆ ತನ್ನ ವಿಡಿಯೊ ತಾನೇ ತಗೀತಾನ.
ಗುತ್ತೇದಾರ್ರು ಗೇರಿಗಿಂತ ಮೊದಲ ಎಸಿ ಕೇಳ್ತಾರ.
ಕೇಳ್ಲಿ, ನಮ್ಮ ಮೇ ತಿಂಗಳದಾಗ
ಫರ್ಸಿ ಮ್ಯಾಲಿಟ್ಟ ಹಪ್ಪಳ ತಾನ ಸುಡ್ತದ.
ಒಬ್ಬ ಡಾಕ್ಟರಮ್ಮ ರಿಂಗ್ ರೋಡಿನ್ಯಾಗ ಜೋರಾಗಿ ಚೀರಿ,
ಗ್ಲಾಸು ಏರಿಸಿ, ಮತ್ತೊಮ್ಮಿ ಚೀರಿ,
"ಥ್ಯಾಂಕ್ಸ್ ಅಣ್ಣಾ" ಅಂದು ಇಳಿದು ಹೋದ್ರು. ತಗೊಳ್ಳಿಲ್ಲ.

ಮೊನ್ನಿ ಮಂಗಳವಾರ ಬಂದವರು ಚಾಂದಪಾಶಾ.
ಇಸ್ತ್ರಿ ಮಾಡಿದ ಬಿಳಿ ಅಂಗಿ,
ಚಪ್ಪಲಿ ಬಾಗಲದಾಗ ಬಿಟ್ಟು ಒಳಗ ಬಂದ್ರು.
ಸೇಲ್ಸಿನ ಹುಡುಗರು ಮಾರಿ ಮಾರಿ ನೋಡಿಕೊಂಡು ನಕ್ಕರು.
ಮ್ಯಾನೇಜರು ಊಟಕ್ಕ ಹೋಗಿದ್ರು.
ನಾ ಲೈಸೆನ್ಸ್ ಕೇಳಿದೆ. ಫೋಟೋದಾಗ ಮೀಸಿ ಇನ್ನೂ ಕರ್ರಗಿತ್ತು.

"ಅಂಬುಲೆನ್ಸ್ ಹೊಡೀತಿದ್ದೆ ಬಾಬಾ, ಇಪ್ಪತ್ತೇಳು ವರ್ಷ.
ಹೋದ ತಿಂಗಳ ರಿಟೈರ್ ಆದೆ.
ತಗೊಳ್ಳಾಕ ಬಂದಿಲ್ಲ, ಸುಳ್ಳ್ಯಾಕ ಹೇಳ್ಲಿ.
ಜೋರ್ ಓಡಿಸೀನಿ, ಭಾಳ ಜೋರ್ ಓಡಿಸೀನಿ,
ಖರೆ, ಹಿಂದ ಯಾರೂ ಇಲ್ದಾಗ ಒಮ್ಮಿನೂ ಇಲ್ಲ."

ಚಾವಿ ಕೊಟ್ಟೆ.

ಹುಮನಾಬಾದ ರೋಡಿಗಿ ಬಿದ್ದಿವಿ.
ಸೀಟು ಸರಿಸಿಕೊಂಡ್ರು, ಕನ್ನಡಿ ತಿದ್ದಿದ್ರು,
ಒಂದು ಕೈ ಡ್ಯಾಶ್‌ಬೋರ್ಡಿನ ಮ್ಯಾಲ ಏನೋ ಹುಡುಕ್ತು:
ಸೈರನ್ನಿನ ಬಟನ್.
ಇಬ್ಬರೂ ನೋಡಿದಿವಿ, ಇಬ್ಬರೂ ಮಾತಾಡ್ಲಿಲ್ಲ.

ಅವರಾದ ದಾಟಿದ ಮ್ಯಾಲ ರೋಡು ಖಾಲಿ,
ಎರಡೂ ಕಡಿ ತೊಗರಿ ಹೂವಾಗಿತ್ತು.
"ಒತ್ಲಾ?" ಅಂದ್ರು.
"ಒತ್ರಿ."

ಬೆನ್ನು ಸೀಟಿಗಿ ಅಂಟಿತು, ಹಳದಿ ಹೊಲ ಬರೇ ಒಂದು ಗೀಟಾತು,
ಎಂಬತ್ತು, ನೂರಾ ಹತ್ತು, ನೂರಾ ನಲವತ್ತು.
ನನ್ನ ಕಾಲು ನಾನೇ ನೋಡಿದೆ,
ಮ್ಯಾಟಿನ ಮ್ಯಾಲ ಸುಮ್ಕ ಬಿದ್ದಿತ್ತು.

ಅವರ ಕಣ್ಣು ಮಾತ್ರ ಘಳಿಗಿಗೊಮ್ಮಿ ಕನ್ನಡಿಗಿ ಹೋಗ್ತಿತ್ತು,
ರೋಡು ತೋರ್ಸೂ ಕನ್ನಡಿ ಅಲ್ಲ, ಒಳಗಿಂದು.
ಹಿಂದಿನ ಸೀಟಿನ ಮ್ಯಾಲ ನಮ್ಮ ಬ್ರೋಶರು ಎರಡು, ಮತ್ತೇನಿಲ್ಲ.
"ಮರಗುತ್ತಿ ಕಡೀದು ಒಂದು ಹುಡುಗಿ ಇದ್ದಳು" ಅಂದ್ರು,
"ಇದೇ ರೋಡು."
ಮುಂದ ಹೇಳ್ಲಿಲ್ಲ, ನಾ ಕೇಳ್ಲಿಲ್ಲ.
ಮುಳ್ಳು ತಾನ ಕೆಳಗಿಳೀತು.

ಹೊಳ್ಳಿ ಬರೂ ದಾರ್ಯಾಗ ಒಂದು ಹಂಪು ಅದ,
ಬಣ್ಣಾ ಇಲ್ಲ, ಬೋರ್ಡೂ ಇಲ್ಲ.
ನನ್ನ ನೆತ್ತಿಗಿ ಅದರ ಗುರ್ತು ಚಲೋ ಅದ,
ಎಲ್ಲಾ ಗಿರಾಕಿ ಅಲ್ಲೇ ನನ್ನ ತಲಿ ಮ್ಯಾಲಕ್ಕ ಬಡಿಸೋರು.
ಇವರು ಅದು ಕಾಣೂಕಿಂತ ಮೊದಲ ಕಾಲು ತಗದು,
ಮುಂದಿನ ಗಾಲಿ ಏರಿಸಿ, ಒಂದು ಉಸಿರು ತಡದು,
ಹಿಂದಿನ ಗಾಲಿ ಇಳಿಸಿದ್ರು,
ನಿದ್ದಿ ಹತ್ತಿದ ಕೂಸಿನ ತಲಿ ದಿಂಬಿಗಿ ಇಟ್ಟಂಗ.

ಇಲ್ಲಿ ನಾ ಸಸ್ಪೆನ್ಶನ್ನಿನ ಬಗ್ಗಿ ಹೇಳಬೇಕು. ಅದು ನನ್ನ ನೌಕ್ರಿ.
ಹೇಳ್ಲಿಲ್ಲ.
ಐವತ್ತೆರಡು ಲಕ್ಷದ ಗಾಡಿ, ಅದರದಲ್ಲ ಆ ಕೆಲಸ.

ಶೋರೂಮಿನ ಮುಂದ ಇಳಿದವರೇ
ಓಡಿ ಹೋಗಿ ಹಿಂದಿನ ಬಾಗಿಲು ತಗದ್ರು.
ತಗದು, ಒಳಗ ನೋಡಿ, ತಮ್ಮಷ್ಟಕ್ಕ ತಾವೇ ನಕ್ಕು
ಮೆಲ್ಲಗ ಮುಚ್ಚಿದ್ರು.

ಫಾರ್ಮ್ ಅವರೇ ತುಂಬಿದ್ರು, ರೂಢಿ ಬಿಡ್ಲಿಲ್ಲ:
ಹೊಂಟದ್ದು ಹನ್ನೆರಡೂ ಹತ್ತಕ್ಕ, ಮುಟ್ಟಿದ್ದು ಹನ್ನೆರಡೂ ನಲವತ್ತಕ್ಕ.
ಷರಾದಾಗ ಬರದಾರ: ಹಿಂದ ಯಾರೂ ಇರಲಿಲ್ಲ.

ಮ್ಯಾನೇಜರು ಬಂದು ಪೆಟ್ರೋಲಿನ ಮುಳ್ಳು ನೋಡಿ ಬೈದ್ರು.
ಬೈಸಿಕೊಂಡೆ.